ಹಾಡ್ತಾ ಹಾಡ್ತಾ ರಾಗ ಸರಿ, ತಪ್ಪು ಹಾಡಿದರೆ? ದಿನಕ್ಕೆ 40 ನಿಮಿಷದ ಸಂಗೀತ ಅಭ್ಯಾಸ

ಹತ್ತನೇ ವಯಸ್ಸಿಗೆ ಕರ್ನಾಟಕ ಸಂಗೀತಕ್ಕೆ ಸೇರಿ, ಜೂನಿಯರ್ ಪರೀಕ್ಷೆ ಮುಗಿಸಿ, ಪಿಯುಸಿ ಬಂತೆಂದು ಬಿಟ್ಟವಳು ನಾನು. ಮತ್ತೆ ಶ್ರುತಿಪೆಟ್ಟಿಗೆಯ ಮುಂದೆ ಕೂತಾಗ ನಲವತ್ತು ದಾಟಿತ್ತು. ಮೊದಲ ಎಂಟು ತಿಂಗಳು ಒಂದು ದಿನವೂ ತಪ್ಪಿಸದೆ ಗಂಟೆಗಟ್ಟಲೆ ಹಾಡಿದೆ. ಸರಳೆ ಎಂಬ ಮೊದಲ ಸ್ವರಪಾಠದಿಂದ ಹೊರಟು ಜಂಟಿ, ಅಲಂಕಾರ, ಗೀತೆ, ಆಮೇಲೆ ವರ್ಣ ಎಂಬ ದೊಡ್ಡ ಪಾಠ ಎಂದು ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸಿನ ಹಾಗೆ ಎಲ್ಲವನ್ನೂ ಒಂದೊಂದು ಸಲ. ಕೊನೆಗೊಂದು ದಿನ ಮೇಷ್ಟ್ರ ಎದುರು ಮೋಹನ ರಾಗದ ವರ್ಣ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಯುಗಾದಿ ಹೊತ್ತಿಗೆ ಎಲ್ಲಿ ತಪ್ತಿದ್ರೋ ಈಗ್ಲೂ ಅಲ್ಲೇ ತಪ್ತೀರಮ್ಮ. ಆಗ ಹೆದರ್ಕೊಂಡು ತಪ್ತಿದ್ರಿ, ಈಗ ಧೈರ್ಯವಾಗಿ ತಪ್ತೀರಿ" ಅಂದರು.

"ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ" ಎಂಬ ಗಾದೆಯನ್ನು ನಮ್ಮಲ್ಲಿ ಎಲ್ಲರೂ ಸಮಾಧಾನಕ್ಕೆ ಹೇಳುತ್ತಾರೆ. ಗಾದೆ ಸುಳ್ಳಲ್ಲ, ಅದೇ ಕಷ್ಟ. ಹಾಡಿದ್ದೆಲ್ಲ ರಾಗವಾಗಿ ಗಂಟಲಿನಲ್ಲಿ ಕೂರುತ್ತದೆ, ತಪ್ಪಾಗಿ ಹಾಡಿದ್ದೂ ಕೂರುತ್ತದೆ. ಎಂಟು ತಿಂಗಳಲ್ಲಿ ನಾನು ಆ ತಪ್ಪಿಗೆ ಚೆನ್ನಾಗಿ ಸಾಧಕ (ಅಭ್ಯಾಸ) ಮಾಡಿದ್ದೆ.

ಆಮೇಲೆ ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಸರಳೆಯಿಂದ ವರ್ಣದವರೆಗಿನ ಗಾಯನದ ವಿದ್ಯಾರ್ಥಿಗಳನ್ನು, ಅದರಲ್ಲೂ ಕೆಲಸ, ಮನೆ, ಮಕ್ಕಳ ನಡುವೆ ಸಮಯ ಕದ್ದು ಕೂರುವ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ವೀಣೆ, ಪಿಟೀಲು ಕಲಿಯುವವರಿಗೂ ಬಹುಪಾಲು ಹೊಂದುತ್ತದೆ.

ಮೊದಲು ನಿಮ್ಮ ಮನೆ ಯಾವುದು ನೋಡಿಕೊಳ್ಳಿ

ಶ್ರುತಿಯ ಮನೆ, ಅಂದರೆ ನಿಮ್ಮ 'ಸ' ನಿಲ್ಲುವ ಎತ್ತರ. ಹಾರ್ಮೋನಿಯಂನ ಬಿಳಿ ಪಟ್ಟಿಗಳನ್ನು ಒಂದು, ಎರಡು, ಮೂರು ಎಂದು ಎಣಿಸುತ್ತೇವಲ್ಲ, ಅದು. ಆಪ್‌ಗಳಲ್ಲಿ 'ಸಿ' ಎಂದು ತೋರಿಸುವುದು ಒಂದನೇ ಮನೆ, 'ಜಿ' ಎಂದರೆ ಐದು. ನಡುವಿನ ಕಪ್ಪು ಪಟ್ಟಿ 'ಒಂದೂವರೆ', 'ಐದೂವರೆ'. ಸಾಮಾನ್ಯವಾಗಿ ಗಂಡಸರ ಕಂಠ ಒಂದರಿಂದ ಎರಡು ಮನೆಯೊಳಗೆ, ಹೆಂಗಸರದ್ದು ನಾಲ್ಕೂವರೆಯಿಂದ ಆರರೊಳಗೆ ಇರುತ್ತದೆ.

ಪರೀಕ್ಷೆ ಸುಲಭ. ಮಂದ್ರ (ಕೆಳಗಿನ) ಸ್ಥಾಯಿಯ ಪಂಚಮಕ್ಕೆ, ಅಂದರೆ 'ಪ'ಗೆ ಇಳಿಯಿರಿ. ಅಲ್ಲಿ ಗಾಳಿಯ ಸದ್ದು ಮಾತ್ರ ಬಂದರೆ ಶ್ರುತಿ ತಗ್ಗಾಯಿತು, ಅರ್ಧ ಮನೆ ಏರಿಸಿ. ಈಗ ತಾರ (ಮೇಲಿನ) ಸ್ಥಾಯಿಯ ಗಾಂಧಾರಕ್ಕೆ, ಅಂದರೆ 'ಗ'ಗೆ ಹೋಗಿ. ಗದ್ದ ಮೇಲೆದ್ದು ಕತ್ತಿನ ನರ ಉಬ್ಬಿದರೆ ಶ್ರುತಿ ಹೆಚ್ಚಾಯಿತು. ಎರಡು ಕಡೆಯೂ ದಬ್ಬದೆ ಬರುವ ಮನೆಯೇ ನಿಮ್ಮದು. ಮೆಚ್ಚಿನ ವಿದುಷಿಯ ಶ್ರುತಿಯನ್ನು ನಕಲು ಮಾಡಲು ಹೋಗಿ ಗಂಟಲು ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ. ಗಾದೆಯ ಉತ್ತರಾರ್ಧ ಅವರಿಗೇ ಹೇಳಿದ್ದು.

ಅಂದಹಾಗೆ ಶ್ರುತಿಗೆ ಹಾರ್ಮೋನಿಯಂ ಬೇಕಿಲ್ಲ. ಬೆಂಗಳೂರಿನ ರಾಡೆಲ್‌ನಂಥ ಪೆಟ್ಟಿಗೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನ ತಂಬೂರಿ ಆಪ್ ಸಾಕು. ಆದರೆ ಮೊಬೈಲಿನ ಸ್ಪೀಕರಿನಲ್ಲಿ ಮಂದ್ರ ಷಡ್ಜ (ಕೆಳಗಿನ 'ಸ') ಸರಿಯಾಗಿ ಕೇಳುವುದಿಲ್ಲ, ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಜೋಡಿಸಿಕೊಳ್ಳಿ.

40 ನಿಮಿಷ, ಅದಕ್ಕಿಂತ ಹೆಚ್ಚು ಬೇಡ

ಭಾನುವಾರ ಮೂರು ಗಂಟೆ ಕೂತು ವಾರದ ಸಾಲ ತೀರಿಸುತ್ತೇನೆ ಎನ್ನುವವರಿಗೆ ಒಂದು ವಿಷಯ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿದ ಬಗ್ಗೆ ಬ್ಯಾಡ್ಲೀ ಮತ್ತು ಲಾಂಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ದಿನಕ್ಕೆ ಒಂದೇ ಗಂಟೆ ಪಾಠ, ಕೆಲವರಿಗೆ ಎರಡು ಗಂಟೆಯಂತೆ ದಿನಕ್ಕೆ ಎರಡು ಸಲ. ಒಟ್ಟು ಗಂಟೆಗಳ ಲೆಕ್ಕದಲ್ಲಿ ಬೇಗ ಕಲಿತವರು ದಿನಕ್ಕೆ ಒಂದೇ ಗಂಟೆ ಕೂತವರು. ತಮಾಷೆಯೆಂದರೆ ತಮ್ಮ ಪಾಠದ ಕ್ರಮದ ಬಗ್ಗೆ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರೂ ಅವರೇ. ದಿನ ಕಳೆಯುತ್ತಿದೆ, ಮುಂದೆ ಹೋಗುತ್ತಿಲ್ಲ ಎಂದು ಅನಿಸುತ್ತಿತ್ತಂತೆ. ದಿನಾ ಸ್ವಲ್ಪ ಸ್ವಲ್ಪ ಮಾಡುವಾಗ ನಿಮಗೂ ಹಾಗೇ ಅನಿಸುತ್ತದೆ.

ನನ್ನ 40 ನಿಮಿಷ ಹೀಗೆ ಒಡೆದಿದೆ: 8 ನಿಮಿಷ ಶ್ರುತಿ ಮತ್ತು ಮಂದ್ರ, 10 ನಿಮಿಷ ಒಂದೇ ಒಂದು ವರಸೆ (ಸ್ವರಪಾಠ), 15 ನಿಮಿಷ ಎಡವುವ ಜಾಗ, ಕೊನೆಯ 7 ನಿಮಿಷ ನಿಲ್ಲಿಸದೆ ಹಾಡಿ ರೆಕಾರ್ಡಿಂಗ್. ಬೆಳಿಗ್ಗೆ ಕುಕ್ಕರ್ ಇಡುವ ಮೊದಲು ಮುಗಿಯುತ್ತದೆ. ಬೆಳಿಗ್ಗೆಯೇ ಆಗಬೇಕೆಂಬ ನಿಯಮವಿಲ್ಲ, ಹೊತ್ತು ಮಾತ್ರ ದಿನಾ ಒಂದೇ ಇರಲಿ. ಊಟವಾದ ಕೂಡಲೇ ಬೇಡ.

ಷಡ್ಜದ ಮುಂದೆ ಎಂಟು ನಿಮಿಷ

ತಂಬೂರಿ ಹಾಕಿ ಒಂದು ನಿಮಿಷ ಬಾಯಿ ಬಿಡದೆ ಕೇಳಿ. ಆಮೇಲೆ ಮಧ್ಯ ಷಡ್ಜವನ್ನು ಅಕಾರದಲ್ಲಿ ('ಆ' ಎಂದು) ಹಿಡಿಯಿರಿ. ಶ್ರುತಿ ಸೇರಿದಾಗ ನಿಮ್ಮ ಧ್ವನಿ ತಂಬೂರಿಯೊಳಗೆ ಕರಗಿ, ಬೇರೆಯಾಗಿ ಕೇಳುವುದೇ ಕಷ್ಟವಾಗುತ್ತದೆ. ಸೇರದಿದ್ದರೆ ಇಬ್ಬರ ನಡುವೆ 'ವಾಂವ್ ವಾಂವ್' ಎಂದು ಒಂದು ಅಲೆ ಏಳುತ್ತದೆ. ಇದು ಶುದ್ಧ ಭೌತಶಾಸ್ತ್ರ. ತಂಬೂರಿ ಸೆಕೆಂಡಿಗೆ 200 ಸಲ, ನೀವು 203 ಸಲ ಕಂಪಿಸಿದರೆ ಸೆಕೆಂಡಿಗೆ ಮೂರು ಅಲೆ. ಹತ್ತಿರ ಬಂದಷ್ಟೂ ಅಲೆ ನಿಧಾನವಾಗಿ, ಸೇರಿದಾಗ ಮಾಯ. ಕಿವಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಷಡ್ಜ ನಿಂತ ಮೇಲೆ ಮಂದ್ರ ನಿಷಾದ ('ನಿ'), ದೈವತ ('ದ'), ಪಂಚಮ ಎಂದು ಒಂದೊಂದೇ ಇಳಿಯಿರಿ. ಪ್ರತಿಯೊಂದರಲ್ಲೂ ಒಂದು ಉಸಿರು. ಮೇಲಿನ ಸ್ಥಾಯಿಗೆ ಮೊದಲ ಎಂಟು ನಿಮಿಷದಲ್ಲಿ ಹೋಗಲೇಬೇಡಿ.

ವಾರಕ್ಕೊಮ್ಮೆ ಈ ಆಟ ಆಡಿ. ಷಡ್ಜ ಹಿಡಿದು ತಂಬೂರಿಯ ಸದ್ದನ್ನು ಪೂರ್ತಿ ಇಳಿಸಿ, ಎರಡು ಆವರ್ತ (ತಾಳದ ಪೂರ್ತಿ ಸುತ್ತು) ಸರಳೆ ಹಾಡಿ, ಮತ್ತೆ ಸದ್ದು ಏರಿಸಿ. ನಿಮ್ಮ ಷಡ್ಜ ಎಲ್ಲಿಗೆ ಜಾರಿದೆ ಗೊತ್ತಾಗುತ್ತದೆ. ನನ್ನದು ಯಾವಾಗಲೂ ಕೆಳಗೆ ಜಾರುತ್ತಿತ್ತು. ಉಸಿರು ಮುಗಿಯುವ ತನಕ ಎಳೆಯುತ್ತಿದ್ದುದೇ ಕಾರಣ ಎಂದು ತಿಳಿಯಲು ಈ ಆಟ ಬೇಕಾಯಿತು.

ಒಂದೇ ವರಸೆ, ಮೂರು ಕಾಲ

16ನೇ ಶತಮಾನದ ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಪಾಠಕ್ರಮ ಮಾಯಾಮಾಳವಗೌಳ ರಾಗದಿಂದ ಆರಂಭವಾಗುತ್ತದೆ. 72 ಮೇಳಕರ್ತಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, ಇದು 15ನೆಯದು. ಇದೇ ಯಾಕೆ ಎಂದು ಚಿಕ್ಕವಳಿದ್ದಾಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸ್ವರಗಳ ನಡುವಿನ ಅಂತರ ನೋಡಿ: ಸ-ರಿ ಪಕ್ಕಪಕ್ಕ, ರಿ-ಗ ದೂರ, ಗ-ಮ ಪಕ್ಕಪಕ್ಕ. ಮೇಲೆ ಹೋದರೆ ಪ-ದ ಪಕ್ಕಪಕ್ಕ, ದ-ನಿ ದೂರ, ನಿ-ಸ ಪಕ್ಕಪಕ್ಕ. ಕೆಳಗಿನ ಅರ್ಧದ ಅಚ್ಚೇ ಮೇಲಿನ ಅರ್ಧ. ಆದ್ದರಿಂದ 'ಪ ದ ನಿ ಸ' ತಪ್ಪಿದರೆ ಅದರ ಮದ್ದು 'ಸ ರಿ ಗ ಮ'ದಲ್ಲೇ ಇದೆ. ಮೊದಲು 'ಸ ರಿ ಗ ಮ' ಹಾಡಿ, ಅದೇ ನಡೆಯನ್ನು ಪಂಚಮದಿಂದ ಎತ್ತಿಕೊಳ್ಳಿ. ಹೆಚ್ಚಿನವರು ಎಡವುವುದು ಶುದ್ಧ ರಿಷಭದಲ್ಲಿ, ಅಂದರೆ ಈ ರಾಗದ 'ರಿ'ಯಲ್ಲಿ. ಷಡ್ಜಕ್ಕೆ ಅಂಟಿಕೊಂಡಿರಬೇಕಾದ ಅದು ಮೇಲೆ ಸರಿದು ಅದಕ್ಕಿಂತ ಎತ್ತರದ ಚತುಶ್ರುತಿ ರಿಷಭದ ಕಡೆ ವಾಲುತ್ತದೆ. ಅಂಥ ದಿನ 'ಸ ರಿ ಸ, ಸ ರಿ ಸ' ಎಂದು ಎರಡೇ ಸ್ವರದಲ್ಲಿ ಐದು ನಿಮಿಷ ಕಳೆದರೂ ನಷ್ಟವಿಲ್ಲ.

ವೇಗದ ವಿಷಯಕ್ಕೆ ಬಂದರೆ, ಆದಿತಾಳಕ್ಕೆ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಟಿಕ್ ಟಿಕ್ ಎಂದು ಲಯ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟರೆ ಒಂದು ಆವರ್ತಕ್ಕೆ 8 ಸೆಕೆಂಡು. ಮೊದಲ ಕಾಲದಲ್ಲಿ ಅಕ್ಷರಕ್ಕೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಅಂದರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ. ಅದು ಗಜಿಬಿಜಿಯಾದರೆ ಮೆಟ್ರೊನೋಮನ್ನು 45ಕ್ಕೆ ಇಳಿಸಿ ಮೂರೂ ಕಾಲ ಮಾಡಿ. ಕಾಲ ಬದಲಾಗುವಾಗ ಕೈ ಓಡಬಾರದು, ಬಾಯಿ ಮಾತ್ರ ಓಡಬೇಕು. ಇನ್ನೊಂದು: ಮೊದಲ ಕಾಲವೇ ಮೂರರಲ್ಲಿ ಕಷ್ಟದ್ದು. ಸ್ವರ ಎರಡು ಪಟ್ಟು ಹೊತ್ತು ನಿಂತರೆ ಅದರ ಹುಳುಕೂ ಎರಡು ಪಟ್ಟು ಕೇಳುತ್ತದೆ. ನಾವೆಲ್ಲ ಮೂರನೇ ಕಾಲವನ್ನು ಇಷ್ಟಪಡುವುದು ಅಲ್ಲಿ ಹುಳುಕು ಮುಚ್ಚಿಹೋಗುತ್ತದೆಂದೇ ಎಂಬ ಗುಮಾನಿ ನನಗಿದೆ.

ಜಂಟಿ ವರಸೆಯಲ್ಲಿ 'ಸಸ ರಿರಿ' ಎನ್ನುವಾಗ ಎರಡನೇ ಸ್ವರಕ್ಕೆ ಒತ್ತು. ಆರೋಹಣದಲ್ಲಿ ಎರಡನೇ ರಿಷಭವನ್ನು ಷಡ್ಜ ಮುಟ್ಟಿ ಎತ್ತಬೇಕು. ಗಂಟಲಿನಿಂದ ಒದ್ದರೆ ಅದು ಬಿಕ್ಕಳಿಕೆಯಾಗುತ್ತದೆ, ಹೊಟ್ಟೆಯಿಂದ ಬರಲಿ.

ಎಡವುವ ಜಾಗ: ಹದಿನೈದು ನಿಮಿಷ, ಐದು ಹುಣಸೆ ಬೀಜ

ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ನನ್ನ ವರ್ಣದ ತಪ್ಪು ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ "ಚಿಟ್ಟೆಸ್ವರ ಸ್ವಲ್ಪ ಕಷ್ಟ" ಎನ್ನುತ್ತಿದ್ದೆ. ಅದು ಉತ್ತರವಲ್ಲ. ಚಿಟ್ಟೆಸ್ವರ, ಅಂದರೆ ವರ್ಣದಲ್ಲಿ ಬರುವ ಸ್ವರಗಳ ಭಾಗ, ನಾಲ್ಕು ಆವರ್ತ ಇರಬಹುದು, ತಪ್ಪು ಮಾತ್ರ ಎರಡು ಸ್ವರದ ನಡುವಿನ ಸಂದಿಯಲ್ಲಿರುತ್ತದೆ. ಹುಡುಕಲು ಹೀಗೆ ಮಾಡಿ. ಪುಸ್ತಕ ಎದುರಿಟ್ಟು ಅರ್ಧ ವೇಗದಲ್ಲಿ ಹಾಡಿ, ನಾಲಿಗೆ ತಡೆದಲ್ಲೆಲ್ಲ ಪೆನ್ಸಿಲಿನಲ್ಲಿ ಚುಕ್ಕೆ ಇಡಿ. ಮತ್ತೊಮ್ಮೆ ಹಾಡಿ. ಎರಡು ಸಲವೂ ಚುಕ್ಕೆ ಬಿದ್ದ ಜಾಗವೇ ಇವತ್ತಿನ ಕೆಲಸ. ನನ್ನದು ತಾರ ಸ್ಥಾಯಿಯ ಗಾಂಧಾರದಿಂದ 'ಗ ರಿ ಸ ದ' ಎಂದು ಇಳಿಯುವಲ್ಲಿ, ಷಡ್ಜದಿಂದ ದೈವತಕ್ಕೆ ಹಾರುವಾಗ. ಮೋಹನದಲ್ಲಿ ನಿಷಾದವಿಲ್ಲ, ನನ್ನ ಧ್ವನಿ ಮಾತ್ರ ದಾರಿಯಲ್ಲಿ ಅದನ್ನು ಮೂಸಿ ಬರುತ್ತಿತ್ತು.

ಈಗ ಆ ಎರಡು ಸ್ವರವನ್ನು ಮಾತ್ರ ತೆಗೆದುಕೊಳ್ಳಿ. 'ಸ... ದ'. ತಾಳವಿಲ್ಲದೆ, ತಂಬೂರಿಯೊಂದಿಗೆ, ಪ್ರತಿ ಸ್ವರವೂ ನೆಲಕ್ಕೆ ಕಾಲೂರುವ ತನಕ. ಸರಿಯಾದ ಮೇಲೆ ಹಿಂದಕ್ಕೆ ಒಂದು ಸ್ವರ ಸೇರಿಸಿ: 'ರಿ ಸ ದ'. ಮತ್ತೊಂದು: 'ಗ ರಿ ಸ ದ'. ಹೀಗೆ ಹಿಂದಿನಿಂದ ಕಟ್ಟಿಕೊಂಡು ಬಂದರೆ ನಿಮಗೆ ಗೊತ್ತಿರದ ಕಡೆಯಿಂದ ಗೊತ್ತಿರುವ ಕಡೆಗೆ ಹಾಡುತ್ತಿರುತ್ತೀರಿ, ಮುಂದೆ ಹೋದಷ್ಟೂ ಧೈರ್ಯ ಹೆಚ್ಚುತ್ತದೆ. ಮೊದಲಿನಿಂದ ಶುರುಮಾಡಿದರೆ ಚೆನ್ನಾಗಿ ಬರುವ ಜಾಗವೇ ದಿನಾ ಹೊಳಪಾಗುತ್ತ, ಕೆಟ್ಟ ಜಾಗಕ್ಕೆ ಬರುವಷ್ಟರಲ್ಲಿ ಉಸಿರೂ ಗಮನವೂ ಖಾಲಿ.

ಎಷ್ಟು ಸಲ? ಇಲ್ಲಿ ಹುಣಸೆ ಬೀಜ. ಎಡಗಡೆ ಐದು ಬೀಜ ಇಡಿ. ಒಂದು ಸಲ ಸರಿಯಾಗಿ ಬಂದರೆ ಒಂದನ್ನು ಬಲಕ್ಕೆ ಸರಿಸಿ. ತಪ್ಪಿದರೆ, ನಾಲ್ಕು ಬೀಜ ದಾಟಿದ್ದರೂ ಸರಿ, ಎಲ್ಲವೂ ವಾಪಸ್ ಎಡಕ್ಕೆ. ಸತತ ಐದು ಬಂದಾಗ ಮುಗಿಯಿತು. ಮೊದಲ ವಾರ ನನಗೆ ಅಳು ಬಂದಿತ್ತು. ಮಗಳು ಬಂದು "ಅಮ್ಮ, ಅಳಗುಳಿಮಣೆ ಆಡ್ತಿದೀಯಾ?" ಎಂದು ಕೇಳಿದ್ದಳು. ಆದರೆ ನಾಲ್ಕು ಸರಿ ಒಂದು ತಪ್ಪು ಎಂಬುದನ್ನು 'ಬಂತು' ಎಂದು ಲೆಕ್ಕ ಹಾಕುತ್ತಿದ್ದ ನನ್ನ ಹಳೇ ಚಾಳಿಯನ್ನು ಆ ಬೀಜಗಳೇ ಬಿಡಿಸಿದ್ದು. ಸತತ ಮೂರು ಸಲ ತಪ್ಪಿದರೆ ವೇಗ ಹೆಚ್ಚಾಯಿತು ಎಂದು ಅರ್ಥ. ಇಳಿಸಿ, ಹಠ ಬೇಡ.

ಕೊನೆಯಲ್ಲಿ ಆ ತುಣುಕನ್ನು ಹಿಂದಿನ ಅರ್ಧ ಆವರ್ತ ಮತ್ತು ಮುಂದಿನ ಅರ್ಧ ಆವರ್ತದ ಜೊತೆ ಹೊಲಿಯಿರಿ. ಇದನ್ನು ಮರೆತರೆ ತುಣುಕು ಬಿಡಿಯಾಗಿ ಚೆನ್ನ, ಹಾಡಿನೊಳಗೆ ಮತ್ತೆ ಅದೇ ರಾಮಾಯಣ.

ತಾಳ ಕೈಯಲ್ಲಿದೆಯೋ, ತಲೆಯಲ್ಲಿದೆಯೋ

ಮೆಟ್ರೊನೋಮಿನ ಟಿಕ್ ಟಿಕ್ ಜೊತೆ ತಾಳ ತಪ್ಪದೆ ಹಾಡುವುದು ಗೋಡೆ ಹಿಡಿದು ನಡೆದ ಹಾಗೆ. ಪರೀಕ್ಷೆಗೆ, ಕೈಯಲ್ಲಿ ತಾಳ ಹಾಕುತ್ತ ಒಂದು ಆವರ್ತ ಜೋರಾಗಿ ಹಾಡಿ, ಮುಂದಿನ ಆವರ್ತವನ್ನು ಮನಸ್ಸಿನಲ್ಲೇ ಹಾಡಿ, ಮೂರನೆಯದನ್ನು ಮತ್ತೆ ಜೋರಾಗಿ ಎತ್ತಿಕೊಳ್ಳಿ. ಕೆಲವು ಆಪ್‌ಗಳಲ್ಲಿ ಮೊದಲ ಅಕ್ಷರಕ್ಕೆ ಮಾತ್ರ ಸದ್ದು ಇಟ್ಟು ಉಳಿದದ್ದನ್ನು ಮೂಕ ಮಾಡಬಹುದು. ಆ ಒಂಟಿ ಟಿಕ್‌ಗೆ ಸರಿಯಾಗಿ ಬಂದು ಬಿದ್ದರೆ ತಾಳ ನಿಮ್ಮದು.

ಸಪ್ತತಾಳ ಅಲಂಕಾರಗಳನ್ನು (ಏಳು ತಾಳಗಳ ಸ್ವರಪಾಠ) ಪುಸ್ತಕದ ಕ್ರಮದಲ್ಲೇ ಹಾಡಿ ಮುಗಿಸುವುದು ಎಲ್ಲರ ರೂಢಿ. ನಾನು ಜೋಡಿ ಮಾಡಿಕೊಂಡೆ. ಮಠ್ಯ ತಾಳಕ್ಕೆ 4+2+4, ಒಟ್ಟು 10 ಅಕ್ಷರ. ಮಿಶ್ರಜಾತಿ ಝಂಪೆಗೆ 7+1+2, ಅದೂ 10. ಧ್ರುವ 4+2+4+4, ಖಂಡಜಾತಿ ಅಟ್ಟ 5+5+2+2, ಎರಡೂ 14. ಲೆಕ್ಕ ಒಂದೇ, ಮೈಕಟ್ಟು ಬೇರೆ. ಒಂದು ಆವರ್ತ ಮಠ್ಯ, ಮುಂದಿನದು ಝಂಪೆ ಎಂದು ಬದಲಿಸುತ್ತ ಹೋಗಿ. ಎಣಿಕೆಯನ್ನು ನಂಬಿ ಹಾಡುವವರು ಮೂರನೇ ಸುತ್ತಿಗೇ ಸಿಕ್ಕಿಬೀಳುತ್ತಾರೆ.

ಕಲೆಸಿ ಹಾಡಿ

ಹೀಗೆ ಬದಲಿಸುವುದಕ್ಕೆ ಆಧಾರವೂ ಇದೆ. ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಕೈಚಲನೆಯ ಕೆಲಸಗಳನ್ನು ಎರಡು ಬಗೆಯಲ್ಲಿ ಕಲಿಸಿ ನೋಡಿದರು. ಒಂದನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಎಲ್ಲವನ್ನೂ ಕಲೆಸಿ ಮಾಡಿದವರು ಅಭ್ಯಾಸದಲ್ಲಿ ಒದ್ದಾಡಿದರು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಮೇಲುಗೈ ಒದ್ದಾಡಿದವರದು.

ನಮಗೆ ಇದರಿಂದ ಸಿಗುವ ಉಪಾಯ: ಒಂದರಂತೆ ಇನ್ನೊಂದು ಕೇಳುವ ರಾಗಗಳನ್ನು ಒಂದೇ ದಿನ ಹಾಡಿ. ಮೋಹನದ 'ಸ ರಿ ಗ ಪ ದ ಸ' ಒಮ್ಮೆ, ಹಂಸಧ್ವನಿಯ 'ಸ ರಿ ಗ ಪ ನಿ ಸ' ಒಮ್ಮೆ. ಮೊದಮೊದಲು ಕಲಿಸುವ ಪಿಳ್ಳಾರಿ ಗೀತೆಗಳ ಮಟ್ಟದಲ್ಲಿದ್ದರೆ ಮಾಯಾಮಾಳವಗೌಳದ ಸರಳೆ ಮತ್ತು ಅದರ ಜನ್ಯವಾದ (ಅದರಿಂದ ಹುಟ್ಟಿದ) ಮಲಹರಿ. ಮಲಹರಿಯಲ್ಲಿ ನಿಷಾದವಿಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಸರಳೆ ಹಾಡಿದ ಬಾಯಿ ಮಲಹರಿಯ ಆರೋಹಣದಲ್ಲಿ ಗಾಂಧಾರ ಹಾಕಿಯೇ ಹಾಕುತ್ತದೆ. ಹಾಕಲಿ, ಅಲ್ಲೇ ಹಿಡಿಯಿರಿ. ಆದರೆ ಒಂದು ಮಾತು, ಹೊಸ ಪಾಠವನ್ನು ಮೊದಲ ಮೂರು ನಾಲ್ಕು ದಿನ ಕಲೆಸಬೇಡಿ. ಬೇರು ಬಿಡುವ ಮೊದಲೇ ಸಸಿ ಕಿತ್ತು ನೆಟ್ಟ ಹಾಗಾಗುತ್ತದೆ.

ರೆಕಾರ್ಡಿಂಗ್ ಕೇಳುವ ವಿಧಾನ

ಕೊನೆಯ ಏಳು ನಿಮಿಷ ಏನೇ ತಪ್ಪಿದರೂ ನಿಲ್ಲಿಸದೆ ಹಾಡಿ. ಇದು ಸಂಗೀತ ಕಚೇರಿ, ಪಾಠವಲ್ಲ. ಮೊಬೈಲನ್ನು ನಾಲ್ಕು ಅಡಿ ದೂರದಲ್ಲಿಡಿ, ತಂಬೂರಿಗೆ ತೀರಾ ಹತ್ತಿರ ಬೇಡ.

ಹಾಡಿದ ತಕ್ಷಣ ಕೇಳಬೇಡಿ. ಆಗ ಕಿವಿ ಇನ್ನೂ ನಿಮ್ಮ ಪಕ್ಷದಲ್ಲೇ ಇರುತ್ತದೆ. ಮರುದಿನ ತರಕಾರಿ ಹೆಚ್ಚುವಾಗ ಕೇಳಿದರೆ ಯಾರೋ ಬೇರೆಯವರು ಹಾಡಿದಂತೆ ಕೇಳುತ್ತದೆ, ಅದೇ ಬೇಕಾದದ್ದು. ಒಂದು ಸಲ ಶ್ರುತಿಗೆ, ಇನ್ನೊಂದು ಸಲ ತಾಳಕ್ಕೆ, ಮತ್ತೊಂದು ಸಲ ಸಾಹಿತ್ಯದ ಉಚ್ಚಾರಕ್ಕೆ ಕಿವಿಗೊಡಿ. ಎಲ್ಲವನ್ನೂ ಒಟ್ಟಿಗೆ ಕೇಳಲು ಹೋದರೆ "ಥೂ, ಚೆನ್ನಾಗಿಲ್ಲ" ಎಂಬ ಒಂದೇ ಮಾತು ಉಳಿಯುತ್ತದೆ, ಅದರಿಂದ ನಾಳೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸಾಕು. ನನ್ನದರಲ್ಲಿ ಹೀಗಿದೆ: "ಮಂಗಳವಾರ. ಅನುಪಲ್ಲವಿ ಎರಡನೇ ಆವರ್ತ, ಪಂಚಮ ತಗ್ಗು. 50ರ ವೇಗ. ಬೀಜ ಮೂರು." ಮರುದಿನದ 15 ನಿಮಿಷ ಅಲ್ಲಿಂದಲೇ ಶುರು.

ಮೇಷ್ಟ್ರ ಬಳಿ ಹೋಗುವಾಗ

ಚೆನ್ನಾಗಿ ಬರುವುದನ್ನು ಹಾಡಿ ಭೇಷ್ ಅನ್ನಿಸಿಕೊಳ್ಳುವ ಆಸೆ ಎಲ್ಲರಿಗೂ. ಕ್ಲಾಸಿಗೆ ಹೋದ ತಕ್ಷಣ ಎಡವುವ ಜಾಗವನ್ನೇ ಮೊದಲು ಮುಂದಿಡಿ: "ಮೇಷ್ಟ್ರೇ, ಈ ಸ-ದ ಐದು ದಿನದಿಂದ ಕೂರ್ತಿಲ್ಲ, ಒಂದ್ಸಲ ಕೇಳ್ತೀರಾ?" ನಾನು ಹೀಗೆ ಕೇಳಿದ ದಿನ ಅವರು ಎರಡೇ ನಿಮಿಷದಲ್ಲಿ, ಷಡ್ಜದ ಮೇಲೆ ಉಸಿರು ಕಟ್ಟುತ್ತಿದ್ದೇನೆ ಎಂದು ತೋರಿಸಿದರು. ಅದು ನನ್ನ ಬೀಜಗಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಹೊರದೇಶದಲ್ಲಿದ್ದು ವಿಡಿಯೊ ಕರೆಯಲ್ಲಿ ಕಲಿಯುವ ಕನ್ನಡಿಗರು ಈಗ ಬಹಳ. ನನ್ನ ತಂಗಿಯೂ ಹಾಗೇ ಕಲಿಯುತ್ತಾಳೆ. ಇಂಟರ್ನೆಟ್ಟಿನಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಗುರುಗಳ ಜೊತೆ ದನಿಗೂಡಿಸಿ ಹಾಡಲು, ಒಟ್ಟಿಗೆ ತಾಳ ಹಾಕಲು ಆಗುವುದಿಲ್ಲ. ಜೊತೆಯಲ್ಲಿ ಹಾಡುತ್ತ ತಿದ್ದಿಕೊಳ್ಳುವ ಸುಖ ಅಲ್ಲಿಲ್ಲ. ಅವಳು ಮೇಡಂ ಹಾಡಿಕೊಟ್ಟ ಒಂದೊಂದು ಸಾಲನ್ನೂ ಅವರ ಅನುಮತಿ ಕೇಳಿ ರೆಕಾರ್ಡ್ ಮಾಡಿಕೊಂಡು, ವಾರವಿಡೀ ಆ ದನಿಯ ಜೊತೆ ಹಾಡುತ್ತಾಳೆ. ಕ್ಲಾಸಿನ ಹಿಂದಿನ ದಿನ ತನ್ನ ರೆಕಾರ್ಡಿಂಗನ್ನು ಕಳಿಸಿಬಿಡುತ್ತಾಳೆ, ಕರೆಯ ಸಮಯವೆಲ್ಲ ತಿದ್ದುವುದಕ್ಕೇ ಸಿಗುತ್ತದೆ.

ಗಂಟಲು ಕೆಟ್ಟಾಗ, ದಿನ ತಪ್ಪಿದಾಗ

ದನಿ ಒಡೆದಿದ್ದರೆ, ನುಂಗುವಾಗ ನೋವಿದ್ದರೆ ಹಾಡಬೇಡಿ. ಪಿಸುಮಾತೂ ಗಂಟಲಿಗೆ ವಿಶ್ರಾಂತಿಯಲ್ಲ, ಸುಮ್ಮನಿರುವುದೇ ವಿಶ್ರಾಂತಿ. ನೀರು ಕುಡಿಯುತ್ತಿರಿ. ಮೂರು ವಾರವಾದರೂ ದನಿ ಒಡೆದೇ ಇದ್ದರೆ ಕಷಾಯ ನಂಬಿ ಕೂರದೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಹಾಡಲಾಗದ ದಿನವೂ 40 ನಿಮಿಷ ಹಾಳಾಗಬೇಕಿಲ್ಲ. ಬಾಯಿ ಮುಚ್ಚಿ ತಾಳ ಹಾಕುತ್ತ ವರ್ಣವನ್ನು ಮನಸ್ಸಿನಲ್ಲೇ ಪೂರ್ತಿ ಹಾಡಿ. ಎಲ್ಲಿ ನೆನಪು ಕೈಕೊಡುತ್ತದೋ ಅಲ್ಲಿಗೆ ಪೆನ್ಸಿಲ್ ಚುಕ್ಕೆ.

ಮದುವೆ, ಜಾತ್ರೆ, ಜ್ವರ ಎಂದು ಒಂದು ವಾರ ತಪ್ಪಿಹೋದರೆ ಎಂಟನೇ ದಿನ ಬಿಟ್ಟ ಜಾಗದಿಂದ ಎತ್ತಿಕೊಳ್ಳಲು ಹೋಗಬೇಡಿ. ಮೊದಲ ದಿನ ಮಂದ್ರ ಮತ್ತು ಸರಳೆ, ಅದೂ 45ರಲ್ಲಿ. ಎರಡನೇ ದಿನ ಜಂಟಿ, ಅಲಂಕಾರ. ಮೂರನೇ ದಿನ ನೋಟ್‌ಬುಕ್ ತೆಗೆದು ಕೊನೆಯ ಸಾಲಿನಲ್ಲಿ ಬರೆದ ವೇಗಕ್ಕಿಂತ ಹತ್ತು ಕಡಿಮೆ ಮಾಡಿಕೊಂಡು, ಐದೂ ಬೀಜಗಳನ್ನು ಎಡಗಡೆ ಇಟ್ಟು ಕೂರಿ.